ಮಿಸ್ ಲಿನ್‌ಗೆ ಒಂದು ಎಲೆ

"ಇವತ್ತಿನ ಊಟ ಹೋಟೆಲಿನಲ್ಲಿ ಅಲ್ಲ," ಎಂದರು ಚೀನೀ ಪ್ರವಾಸಿ ತಂಡದ ಪ್ರೊಫೆಸರ್ ಚೆನ್, ಹಳೇಬೀಡಿನ ದೇವಸ್ಥಾನದಿಂದ ಹೊರಬಂದು ಷೂ ಹಾಕಿಕೊಳ್ಳುತ್ತ. "ಬೇಲೂರಿನಲ್ಲಿ. ಹಿಂದೆ ನನಗೆ ದೇವಸ್ಥಾನ ತೋರಿಸಿದ ಗೈಡ್ ಸುಂದರರಾಜ ಅವರ ಮನೆಯಲ್ಲಿ."

ದುಭಾಷಿ ಯದುಗಿರಿಯ ಕೈಯಿಂದ ನೀರಿನ ಬಾಟಲಿ ಜಾರಿ ಬಿತ್ತು. ಸುಂದರರಾಜ ಅವಳ ಅಪ್ಪ.

ಆರೇಳು ವರ್ಷಗಳ ಹಿಂದೆ, ವರಪೂಜೆಯ ಸಂಜೆ, ಅವಳು ಛತ್ರದ ಹಿಂಬಾಗಿಲಿನಿಂದ ಹೊರಬಿದ್ದು ಬೆಂಗಳೂರಿನ ಬಸ್ಸು ಹತ್ತಿದ್ದಳು. ಚೀನೀ ಭಾಷೆ ಕಲಿಯಲು ಸೀಟು ಸಿಕ್ಕಿತ್ತು. ಅದೆಲ್ಲ ಬಿಡಬೇಕು ಎಂದಿದ್ದರು ಗಂಡಿನ ಕಡೆಯವರು. ಆಗುವುದಿಲ್ಲ ಎನ್ನುವ ಧೈರ್ಯ ಅವಳಿಗೆ ಬಂದದ್ದು ತೀರಾ ತಡವಾಗಿ. ತುಂಬಿದ ಛತ್ರದಲ್ಲಿ ಅಪ್ಪ ಬೀಗರ ಕಾಲು ಹಿಡಿದರಂತೆ. ಮರುದಿನ ಕೇಶವ ದೇವರ ಮುಂದೆ ತುಳಸಿ ಹಿಡಿದು, "ಯದುಗಿರಿ ಅನ್ನುವ ಹೆಸರಿನವಳು ನನ್ನ ಹೊಸ್ತಿಲು ತುಳಿಯಕೂಡದು" ಎಂದರಂತೆ. ದೇವಸ್ಥಾನದ ಸೇವೆಯ ಮನೆತನ. ತುಳಸಿ ಹಿಡಿದು ಆಡಿದ ಮಾತನ್ನು ಆ ಬೀದಿಯಲ್ಲಿ ಯಾರೂ ಮುರಿದದ್ದಿಲ್ಲ.

ಹೋದದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿರಲಿಲ್ಲ. ಅಪ್ಪ ಕಾಲು ಹಿಡಿದದ್ದು ನೆನಪಾದರೆ ಮಾತ್ರ ಇವತ್ತಿಗೂ ನಾಚಿಕೆಯಿಂದ ಮುಖ ಸುಡುತ್ತಿತ್ತು.

ಅಮ್ಮ ಯಶೋಧರಾ ಹಾಸಿಗೆ ಹಿಡಿದಿದ್ದಾಳೆ, ಕಣ್ಣೂ ಮಂಜಾಗಿದೆ ಎಂಬ ಸುದ್ದಿ ಯಾರಿಂದಲೋ ತಿಳಿದಿತ್ತು. ಒಮ್ಮೆ ನೋಡಬೇಕು. ಆದರೆ ಗುರುತು ಸಿಕ್ಕಿ, ಪರದೇಶದ ಅತಿಥಿಗಳ ಎದುರು ಅಪ್ಪ ಇನ್ನೊಮ್ಮೆ ತಲೆ ತಗ್ಗಿಸುವಂತಾದರೆ?

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವಳು ಕತ್ತಿನ ಬ್ಯಾಡ್ಜ್ ಮುಟ್ಟಿ ನೋಡಿಕೊಂಡಳು. ಚೀನೀ ಅಕ್ಷರ, ಕೆಳಗೆ ಇಂಗ್ಲಿಷಿನಲ್ಲಿ "ಮಿಸ್ ಲಿನ್". ಬೆಂಗಳೂರಿನಲ್ಲಿ ಚೆನ್ ಅವರೇ ಎಲ್ಲರಿಗೂ ಹಂಚಿದ್ದರು. ಕ್ಲಾಸಿನಲ್ಲಿ ಅವಳ ಹೆಸರು ಬರೆಯುತ್ತಿದ್ದ ಅಕ್ಷರಗಳೇ ಬೇರೆ. ಯಾರದೋ ಎಡವಟ್ಟು ಎಂದುಕೊಂಡು ಸುಮ್ಮನಿದ್ದಳು. ಈಗ ಆ ಎಡವಟ್ಟೇ ಅವಳನ್ನು ಕಾಯಬೇಕಿತ್ತು.

ಮಿನಿ ಬಸ್ಸಿನಲ್ಲಿ ಚೆನ್ ಏನೋ ಹೇಳಿ ತಮ್ಮವರನ್ನು ನಗಿಸುತ್ತಿದ್ದರು.

"ಏನಂತೆ ಮೇಡಂ?" ಎಂದ ಗೆಂಡೆಹಳ್ಳಿಯ ಡ್ರೈವರ್ ಉಮೇಶ್.

ಅವಳು ಕಿಟಕಿ ನೋಡುತ್ತಲೇ ಅನುವಾದಿಸಿದಳು. ತಮ್ಮ ದೇಶಕ್ಕೆ ಬರಕೂಡದೆಂದು ಚೀನಾದವರು ಒಬ್ಬ ಅಮೆರಿಕನ್ ರಾಜಕಾರಣಿಯ ಮೇಲೆ ನಿರ್ಬಂಧ ಹಾಕಿದ್ದರು. ಆಮೇಲೆ ಆತನೇ ದೊಡ್ಡ ಹುದ್ದೆಗೆ ಬಂದ. ಮಾತಾಡಿಸದೆ ಗತಿಯಿಲ್ಲ, ನಿರ್ಬಂಧ ತೆಗೆದರೆ ಮರ್ಯಾದೆ ಹೋಗುತ್ತದೆ. ಅವರ ಲಿಪಿಯಲ್ಲಿ ಒಂದೇ ಉಚ್ಚಾರಣೆಗೆ ಹತ್ತಾರು ಅಕ್ಷರಗಳಿವೆ. ಸರ್ಕಾರಿ ಕಾಗದಗಳಲ್ಲಿ ಆತನ ಹೆಸರಿನ ಒಂದು ಅಕ್ಷರ ಸದ್ದಿಲ್ಲದೆ ಬದಲಾಯಿತು. ನಿರ್ಬಂಧ ಹಳೆಯ ಹೆಸರಿಗೆ, ಸ್ವಾಗತ ಹೊಸ ಹೆಸರಿಗೆ ಎಂದು ಜನ ಆಡಿಕೊಂಡರು.

"ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ ಅನ್ನಿ," ಉಮೇಶ್ ಸ್ಟಿಯರಿಂಗ್ ತಟ್ಟಿ ನಕ್ಕ. "ಬಲೇ ಕಿಲಾಡಿ ಕಣ್ರೀ ಆವಯ್ಯ!"

ಆ ಮಾತನ್ನು ಅವಳು ಚೆನ್‌ಗೆ ತಿಳಿಸಿದಳು. ಅವರು ಅಲ್ಲವೆಂದು ತಲೆಯಾಡಿಸಿದರು. "ಆತನೇನೂ ಮಾಡಲಿಲ್ಲ, ಮಿಸ್ ಲಿನ್. ಅಕ್ಷರ ಬದಲಾಯಿಸಿದವರು ಬಾಗಿಲು ಹಾಕಿಕೊಂಡವರೇ."

ಅವಳಿಗೆ ನಗು ಬರಲಿಲ್ಲ. ಬೇಲೂರಿನ ಯಗಚಿ ಹೊಳೆಯ ಸೇತುವೆ ದಾಟಿಯಾಗಿತ್ತು. ಮುಖಕ್ಕೆ ಮಾಸ್ಕ್ ಏರಿಸಿದಳು.

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಸೊರಗಿಹೋಗಿದ್ದರು. ಎಲ್ಲರಿಗೂ ಕೈ ಮುಗಿದರು. ಅವಳ ಸರದಿ ಬಂದಾಗ ಅವರ ನೋಟ ನೆಲದ ಮೇಲಿತ್ತು.

"ಬನ್ನಿ, ಮಿಸ್ ಲಿನ್. ಹೊಸ್ತಿಲು ಎತ್ತರ ಇದೆ, ನೋಡ್ಕೊಂಡು."

ಆ ಹೊಸ್ತಿಲಿಗೆ ಅವಳು ಎಷ್ಟೋ ವರ್ಷ ರಂಗೋಲಿ ಬಿಟ್ಟಿದ್ದಳು. ಇವತ್ತು ಎಡವಿದಳು.

ಊಟಕ್ಕೆ ಕೂತಾಗ ಮಾಸ್ಕ್ ತೆಗೆಯಲೇಬೇಕಾಯಿತು. ಅಪ್ಪ ತಲೆಯೆತ್ತಲಿಲ್ಲ. ಕೂದಲು ಕತ್ತರಿಸಿಕೊಂಡು ಕನ್ನಡಕ ಹಾಕಿದ ಮಾತ್ರಕ್ಕೆ ಹೆತ್ತವರಿಗೆ ಗುರುತು ಮರೆಯುತ್ತದೆಯೇ? ಗುರುತು ಸಿಕ್ಕಿಯೂ ಮಗಳು ಬೇಡವಾದಳೇ? ಬಡಿಸುತ್ತಿದ್ದ ಪಕ್ಕದ ಮನೆಯ ಸುಮಿತ್ರಮ್ಮ ಎಲ್ಲರಿಗೂ ಬದನೆಕಾಯಿ ಪಲ್ಯ ಹಾಕಿ, ಅವಳ ಎಲೆಯೊಂದನ್ನು ಬಿಟ್ಟು ಮುಂದೆ ಹೋದರು. ಬದನೆಕಾಯಿ ತಿಂದರೆ ಅವಳ ತುಟಿ ಊದುತ್ತದೆಂದು ಆ ಬೀದಿಗೆಲ್ಲ ಗೊತ್ತಿತ್ತು.

"ನಿಮ್ಮೂರಲ್ಲಿ ಮಳೆ ಬೆಳೆ ಹೇಗೆ, ಮಿಸ್ ಲಿನ್?" ಎಂದರು ಸುಮಿತ್ರಮ್ಮ, ಬೇರೆಲ್ಲೋ ನೋಡುತ್ತ.

"ಚೆನ್ನಾಗಿದೆ," ಎಂದಳು. ತನ್ನ ಮನೆಯಲ್ಲೇ ಪರರ ಹೆಸರು ಹೊತ್ತು ಉಣ್ಣುವುದಕ್ಕಿಂತ ಬಾಗಿಲಲ್ಲೇ ಬೈಸಿಕೊಂಡು ಹೋಗಿದ್ದರೆ ವಾಸಿಯಿತ್ತು ಎನ್ನಿಸಿತು.

ಕೈ ತೊಳೆಯುವಾಗ ಅಪ್ಪ ಹಿಂದೆ ಬಂದು ನಿಂತರು. ಮುಖ ಗೋಡೆಯ ಕಡೆಗಿತ್ತು.

"ನನ್ನ ಹೆಂಡತಿ ಒಳಗಿದ್ದಾಳೆ. ದೂರದಿಂದ ಬಂದವರನ್ನ ಮಾತಾಡಿಸಬೇಕು ಅಂತಾಳೆ. ನೀವೊಬ್ಬರೇ ಹೋಗಿ, ಮಿಸ್ ಲಿನ್." ಕೈ ಒರೆಸಿಕೊಳ್ಳಲು ಟವೆಲು ಚಾಚಿ ಹೇಳಿದರು: "ಅವಸರ ಏನಿಲ್ಲ."

ಕೋಣೆಯಲ್ಲಿ ಅಮ್ಮ ಗೋಡೆಗೊರಗಿ ಕೂತಿದ್ದಳು. ಯದುಗಿರಿ ದನಿ ಬದಲಿಸಿ "ನಮಸ್ಕಾರ" ಎಂದಳು. ಅಮ್ಮನ ಕೈ ಗಾಳಿಯಲ್ಲಿ ತಡಕಾಡಿ ಅವಳ ಕೆನ್ನೆಗೆ ಬಂತು, ಕಿವಿಯ ಹಿಂದಿನ ಹಳೆಯ ಗಾಯದ ಮೇಲೆ ನಿಂತಿತು. ಅಷ್ಟಕ್ಕೇ ಅವಳು ಮಂಡಿಯೂರಿ ಅತ್ತುಬಿಟ್ಟಳು.

"ಅಮ್ಮಾ, ಸುಳ್ಳು ಹೆಸರಿಟ್ಕೊಂಡು ಕಳ್ಳಿ ಹಾಗೆ ಒಳಗೆ ಬಂದಿದೀನಿ. ನನಗೇ ನಾಚಿಕೆ ಆಗತ್ತೆ. ಅಪ್ಪನಿಗೆ ಹೇಳಬೇಡ."

ಅಮ್ಮ ಅವಳ ಕತ್ತಿನ ಬ್ಯಾಡ್ಜನ್ನು ಬೆರಳಿನಿಂದ ಸವರಿದಳು. "ನಿಮ್ಮಪ್ಪ ಬೇಸಿಗೆಯೆಲ್ಲ ಆ ಚೆನ್ ಅವರಿಗೆ ಫೋನ್ ಮಾಡಿ ಮಾಡಿ ಆರಿಸಿದ ಹೆಸರು ಕಣೇ ಇದು, ಚೆನ್ನಾಗಿದೆಯಾ?"