ಎಂಟು ಬಾಲದ ಚುಕ್ಕಿ

"ಬಾಲದ ಚುಕ್ಕೀನ ಮನೆ ಒಳಕ್ಕೆ ತಂದ್ಯೇನಮ್ಮಿ!"

ನಡುಮನೆಯ ಹೊಸ್ತಿಲಲ್ಲೇ ನಿಂತು ಕೂಗಿದ ಅತ್ತೆ ವೆಂಕಟಮ್ಮನ ದನಿಗೆ ಸ್ಟೂಲಿನ ಮೇಲಿದ್ದ ಯಮುನಾ ಬೆಚ್ಚಿದಳು. ಕೈಯಲ್ಲಿದ್ದ ಜರಿಯ ಬಾಲ ಬೆರಳಿಗೇ ಅಂಟಿಕೊಂಡಿತು. ಗೊಂಬೆ ಕೂರಿಸಿದ ಮೆಟ್ಟಿಲುಗಳ ಮೇಲೆ ಸೂರಿನಿಂದ ಇಳಿಬಿಟ್ಟ ದಾರಗಳಲ್ಲಿ ಬೆಳ್ಳಿ ಕಾಗದದ ಧೂಮಕೇತುಗಳು ತೂಗುತ್ತಿದ್ದವು. ಸಂಜೆಗೆ ಕೇರಿಯ ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ಬರುವವರಿದ್ದರು.

ದಸರೆಗೆ ಗೊಂಬೆ ಕೂರಿಸುವುದು ಮಹದೇವಪುರದ ಈ ಮನೆಯ ಪದ್ಧತಿಯಲ್ಲ. ಪಟ್ಟದ ರಾಜ-ರಾಣಿಯರನ್ನು ಯಮುನಾ ಮದುವೆಯಾದಾಗ ಶ್ರೀರಂಗಪಟ್ಟಣದ ತವರಿನಿಂದ ತಂದಿದ್ದಳು. ಅಂದು ಅಟ್ಟ ಹತ್ತಿದ ಪೆಟ್ಟಿಗೆ ಇಳಿದೇ ಇರಲಿಲ್ಲ. ಈ ವರ್ಷ ಅತ್ತೆಗೆ ಏನು ಮನಸ್ಸು ಬಂತೋ, "ಕೂರ್ಸ್ಕೊಳ್ಳಮ್ಮ, ನಿನ್ನಾಸೆ ಯಾಕೆ ಕೆಡಿಸ್ಲಿ. ಅನಿಷ್ಟ ಒಂದು ಇರಬಾರ್ದು ಅಷ್ಟೇಯ" ಅಂದಿದ್ದರು. ರಾಜ-ರಾಣಿ ಕಳಶದ ಪಕ್ಕ, ಮೇಲಿನ ಮೆಟ್ಟಿಲಲ್ಲಿ, ಗಂಭೀರವಾಗಿ ಕೂತರು. ಕೆಳಗಿನ ಮೆಟ್ಟಿಲುಗಳಿಗೆ ಏನು ಎಂಬ ಪ್ರಶ್ನೆ ಬಂದಾಗ ಎಂಜಿನಿಯರಿಂಗ್ ಓದುವ ಮಗಳು ಮಂಜುಶ್ರೀ, "ಅಮ್ಮಾ, ನಿನ್ನ ಲೋಕಾನೇ ಕೂರ್ಸೋಣ" ಎಂದಳು.

ಯಮುನಾಳ ಲೋಕ. ಮಗಳು ತಲೆ ಅಲ್ಲಾಡಿಸದೆ ಕೂರಲಿ ಎಂದು ಜಡೆ ಹೆಣೆಯುತ್ತಾ ಕಟ್ಟಿ ಹೇಳಿದ ಕತೆಗಳ ಲೋಕ. ಮೂರು ಚಂದ್ರರಿರುವ ಊರು, ಗೊರಕೆ ಹೊಡೆಯುವ ಗ್ರಹ, ಅವುಗಳ ನಡುವೆ ಓಡಾಡುವ ಒಂದು ನೌಕೆ. ಮಗಳು ದೊಡ್ಡವಳಾಗಿ ಕೂದಲು ಕತ್ತರಿಸಿಕೊಂಡ ಮೇಲೂ ಯಮುನಾ ಪಾತ್ರೆ ತೊಳೆಯುವಾಗ ಒಬ್ಬಳೇ ಆ ನೌಕೆ ಹತ್ತಿ ಹೋಗಿಬರುತ್ತಿದ್ದಳು. ಈಗ ಅದೆಲ್ಲ ಕಣ್ಣೆದುರಿಗಿತ್ತು. ಗುಜರಿಯಿಂದ ತಂದ ಕಂಪ್ಯೂಟರ್ ಬೋರ್ಡುಗಳು ಊರುಗಳಾಗಿದ್ದವು. ಮಹಡಿಯ ಪಿಜಿ ಹುಡುಗರ ಟಿವಿ ಡಬ್ಬದ ಥರ್ಮಾಕೋಲು ಹಿಮದ ಗ್ರಹವಾಗಿತ್ತು. ಹಿಡಿ ಮುರಿದ ಕುಕ್ಕರೇ ನೌಕೆ. ಅದರ ಮುಂದೆ ದುರ್ಬೀನು ಹಿಡಿದು ನಿಂತ ಗಿಡ್ಡ ಬಟ್ಟೆಗೊಂಬೆ, ಕ್ಯಾಪ್ಟನ್ ಕ್ಯಾರೊಲಿನ್.

"ಕಿತ್ತಾಕು ಅವನ್ನ," ಎಂದರು ವೆಂಕಟಮ್ಮ. ದನಿ ಈಗ ತಗ್ಗಿತ್ತು. "ನಾನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ ಮೂಡ್ಲಾಗೆ ಒಂದು ಬಂದಿತ್ತು. ಇಷ್ಟುದ್ದ ಬಾಲ. ಆ ವರ್ಸಾನೇ ನಮ್ಮಪ್ಪ ತೀರ್ಕೊಂಡ."

ಅಪ್ಪನನ್ನು ಕಳೆದುಕೊಂಡವರ ಎದುರು ಯಾವ ವಿಜ್ಞಾನ ಹೇಳುವುದು? ಯಮುನಾ ಮೆಲ್ಲಗೆ ಮೊದಲ ದಾರಕ್ಕೆ ಕೈ ಹಾಕಿದಳು. ಇವು ಹೋದರೆ ಪಾಪ, ಕ್ಯಾರೊಲಿನ್ ದುರ್ಬೀನು ಹಿಡಿದು ನೋಡುವುದಾದರೂ ಏನನ್ನು?

"ಅಮ್ಮಾ, ಇರು! ಅಜ್ಜಿ, ಈ ಕ್ಯಾರೊಲಿನ್ ನಿಜವಾಗ್ಲೂ ಇದ್ದೋಳು ಕಣಜ್ಜಿ," ಮಂಜುಶ್ರೀ ಅಡ್ಡ ಬಂದಳು. "ಇನ್ನೂರು ವರ್ಷದ ಹಿಂದೆ, ಇಂಗ್ಲೆಂಡಲ್ಲಿ. ಇಂಥ ಎಂಟು ಚುಕ್ಕಿ ಕಂಡುಹಿಡಿದೋಳು."

"ಅನಿಷ್ಟಾನ ಉಡಿಕ್ಕೊಂಡು ಓಗಿದ್ಳಾ? ಮನೇಲಿ ಮಾಡಕ್ಕೆ ಕೆಲ್ಸ ಇರ್ನಿಲ್ವ?"

"ಇತ್ತು ಅತ್ತೆ," ಎಂದಳು ಯಮುನಾ. "ಅಣ್ಣನ ಮನೆ ನೋಡ್ಕೋತಿದ್ಳು. ಅವನು ದುರ್ಬೀನಿಗೆ ಅಂತ ಕನ್ನಡಿ ಉಜ್ಜೋಕೆ ಕೂತ್ರೆ ಇಡೀ ದಿನ ಕೈ ತೆಗೀತಿರ್ಲಿಲ್ಲ. ಇವಳೇ ಪಕ್ಕದಲ್ಲಿದ್ದು ಬಾಯಿಗೆ ತುತ್ತಿಡ್ತಿದ್ಳು. ಆಮೇಲೆ ತಾನೂ ಒಂದು ಪುಟ್ಟ ದುರ್ಬೀನು ಹಿಡಿದ್ಳು."

ವೆಂಕಟಮ್ಮ ಬಗ್ಗಿ ಆ ಗಿಡ್ಡ ಗೊಂಬೆಯನ್ನು ನೋಡಿದರು. "ಅಣ್ಣಂಗೆ ತಿನ್ನಿಸಿದ್ಳು, ಸರಿ. ಅವಳು ಯಾವಾಗ ಉಣ್ತಿದ್ಳು?"

ಯಮುನಾ ಅತ್ತೆಯ ಮುಖವನ್ನೇ ನೋಡಿದಳು. ಎಂದೋ ಕ್ಯಾರೊಲಿನ್ ಬಗ್ಗೆ ಓದಿದಾಗ ತನ್ನೊಳಗೆ ಎದ್ದದ್ದೂ ಅದೇ ಪ್ರಶ್ನೆ; ತನ್ನ ಲೋಕ ಹುಟ್ಟಿದ್ದೇ ಅದರಿಂದ. "ಅದು ನಂಗೂ ಗೊತ್ತಿಲ್ಲ ಅತ್ತೆ. ಅದಕ್ಕೇ ನನ್ನ ಕತೇಲಿ ಒಂದು ಕಾನೂನು ಮಾಡಿದೀನಿ. ಈ ಹಡಗಲ್ಲಿ ಕ್ಯಾಪ್ಟನ್ ಉಂಡಾದ್ಮೇಲೇನೇ ಮಿಕ್ಕೋರು."

"ಗಂಡಸ್ರೂವೆ?"

"ಗಂಡಸ್ರೂನೂ."

ವೆಂಕಟಮ್ಮ ಬಂದ ನಗುವನ್ನು ಎಲೆಅಡಿಕೆಯ ಹಾಗೆ ದವಡೆಗೆ ಒತ್ತರಿಸಿಕೊಂಡರು. "ಅಷ್ಟೊಂದು ಬಾಲದ ಚುಕ್ಕಿ ನೋಡಿದ್ಳಲ್ಲ, ಏನೂ ಆಗ್ನಿಲ್ವ ಅವಳಿಗೆ? ಎಷ್ಟು ವರ್ಸ ಬದುಕಿದ್ಳು?"

"ತೊಂಬತ್ತೇಳು," ಎಂದಳು ಮಂಜುಶ್ರೀ.

"ತೊಂಬತ್ತೇಳಾ!" ವೆಂಕಟಮ್ಮ ಸೊಂಟದ ಮೇಲೆ ಕೈಯಿಟ್ಟು, ತೂಗುತ್ತಿದ್ದ ಬಾಲಗಳನ್ನು ಒಂದೊಂದಾಗಿ ದಿಟ್ಟಿಸಿದರು. "ಎಂಟು ನೋಡಿದೋಳು ತೊಂಬತ್ತೇಳು. ನಾ ಒಂದೇ ನೋಡಿರಾದು." ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ, "ನಮ್ಮಪ್ಪಂಗೆ ಅದ್ಕೂ ಮುಂಚೆಯಿಂದ್ಲೇ ಎದೆನೋವಿತ್ತು. ಚುಕ್ಕಿ ಏನು ಮಾಡೀತು ಪಾಪ" ಎಂದು ತಿರುಗಿದರು. "ಆ ಕೊನೇದು ವಾರೆಯಾಗೈತೆ ನೋಡು, ನೆಟ್ಟಗೆ ಕಟ್ಟು."

ಮಂಜುಶ್ರೀ ಕುಣಿದೇಬಿಟ್ಟಳು. ಯಮುನಾ ಮತ್ತೆ ದಾರ ಬಿಗಿದಳು, ಬಾಲ ತೀಡಿದಳು, ಜರಿ ಅಂಟಿಸಿದಳು. ಎರಡು ಕೈಗೂ ಗೋಂದು ಮೆತ್ತಿತ್ತು. ಹೊತ್ತು ನೆತ್ತಿಯಿಂದ ಇಳಿದದ್ದೇ ತಿಳಿಯಲಿಲ್ಲ. ಜಗಲಿಯಿಂದ ಗಂಡ ದೇವರಾಜ್, "ಅವ್ವ, ಇವತ್ತು ಊಟ ಐತೋ ಇಲ್ವೋ?" ಎಂದು ಕೂಗಿದಾಗಲೇ ಎಚ್ಚರ.

"ಅಯ್ಯೋ, ಬಂದೆ" ಎಂದು ಇಳಿಯಹೊರಟವಳ ಮುಂದೆ ವೆಂಕಟಮ್ಮ ತಟ್ಟೆ ಹಿಡಿದು ನಿಂತಿದ್ದರು. ಬಿಸಿ ಮುದ್ದೆ, ಉಪ್ಸಾರು. ತುತ್ತು ಮುರಿದು, ಸಾರಿಗದ್ದಿ, ತುದಿಗಾಲ ಮೇಲೆ ನಿಂತು ಸೊಸೆಯ ಬಾಯಿಗೆ ಹಿಡಿದರು.

"ಅತ್ತೆ, ಕೈಯೆಲ್ಲ ಗೋಂದು. ಮೊದ್ಲು ನೀವು, ಅವರು..."

"ಬಾಯ್ ತೆಗಿ, ಬಿರ್ನೆ ನುಂಗು," ಎಂದು ಗದರಿದರು ವೆಂಕಟಮ್ಮ. "ಕ್ಯಾಪ್ಟನ್ನು ಉಣ್ಣಗಂಟ ನಾವ್ಯಾರೂ ಉಣ್ಣಂಗಿಲ್ಲ. ನಂಗೆ ಒಟ್ಟೆ ಅಸೀತೈತೆ!"