ಅಪ್ಪ ಕೊಟ್ಟ ಜೋಡಿ

ಮದುವೆಯಾಗಿ ದೂರದೂರಿಗೆ ಹೊರಟಾಗ ಅವಳ ಜೊತೆ ಬಂದದ್ದು ಅಪ್ಪ ಸಾಕಿದ್ದ ಒಂದು ಜೋಡಿ ರೇಸಿನ ಪಾರಿವಾಳ. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ಪಂಜರ ಅವಳ ಮಡಿಲಲ್ಲೇ ಇತ್ತು.

"ತಿಂಗಳಾಯ್ತು ರೀ, ಇವನ್ನ ಸ್ವಲ್ಪ ಹೊರಗೆ ಬಿಡ್ಲಾ?"

"ಬಿಟ್ರೆ ನೆಟ್ಟಗೆ ನಿಮ್ಮಪ್ಪನ ಮನೆಗೆ ಹೋಗ್ತವೆ. ಇಲ್ಲೇ ಮರಿ ಮಾಡ್ಲಿ, ಆಮೇಲೆ ಎಲ್ಲಿಗೂ ಹೋಗಲ್ಲ," ಎಂದ ಗಂಡ.

"ನನ್ನ ಫೋನಾದ್ರೂ ಕೊಡಿ. ಅಮ್ಮನ ಹತ್ರ ಮಾತಾಡ್ಬೇಕು."

"ಹೊತ್ತೊತ್ತಿಗೆ ಊಟ ಸಿಗ್ತಿಲ್ವಾ ನಿಂಗೆ?"

ಹೊರಗಿನಿಂದ ಬೀಗ ಹಾಕಿಕೊಂಡು ಅವನು ಕೆಲಸಕ್ಕೆ ಹೋದ. ಅವಳು ಕಿಟಕಿ ತೆರೆದು, ಎರಡನ್ನೂ ಹಾರಲು ಬಿಟ್ಟಳು.

ರೈಲು ಹೊರಡುವ ಮುಂಚೆ ಪಂಜರ ಕೈಗಿಡುತ್ತ ಅಪ್ಪ ಮೆಲ್ಲಗೆ ಹೇಳಿದ್ದರು: "ಅಲ್ಲಿ ಕಷ್ಟ ಆದ್ರೆ ಇವನ್ನ ಬಿಟ್ಬಿಡಮ್ಮ. ಇವು ಮನೆಗೆ ಬಂದ್ವು ಅಂದ್ರೆ ನಾನು ಹೊರಟೆ ಅಂತ ತಿಳ್ಕೊ."