ಸಭೆಗೆ ಹೋದ ಎಡಗಿವಿ

ದೊರೆಸ್ವಾಮಿಯ ಎಡಗಿವಿ ಕೆಟ್ಟಿದ್ದೇ ಒಳ್ಳೆಯದಾಗಿತ್ತು. ಕಿವುಡು ನೀಗಲು ತಲೆಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರ ಕೂರಿಸಿಕೊಂಡವರು ಈಗ ಸದ್ದು ಹಿಡಿಯುವ ಅದರ ಹೊರಬಿಲ್ಲೆಯನ್ನು ಕಳಚಿ ಕಳಿಸಿದರೆ ಸಾಕು, ಎಂಥ ಸಭೆಗೂ ಹಾಜರಿ ಬಿದ್ದಂತೆ. ಮನೆಯಲ್ಲೇ ಎಲ್ಲ ಕೇಳಿಸುತ್ತದೆ. ಎರಡೂ ಕಿವಿ ನೆಟ್ಟಗಿದ್ದ ಹೆಂಡತಿ ವನಮಾಲಾಗೆ ಆ ಭಾಗ್ಯವಿಲ್ಲ. ಬಡಾವಣೆಯ ಸಂಘದ ಸಭೆಗೆ ಅವಳೇ ಹೋಗಿ, ಗಂಡನ ಕಿವಿಯನ್ನು, ಅಂದರೆ ಆ ಬಿಲ್ಲೆಯನ್ನು, ಬಾರದೆ ಉಳಿದವರ ಕಿವಿಗಳ ಜೊತೆ ಸ್ಟೀಲ್ ತಟ್ಟೆಯಲ್ಲಿಟ್ಟಳು.

ದೊರೆಸ್ವಾಮಿ ಮನೆಯಲ್ಲಿ ಬೋಂಡಾ ತಿನ್ನುತ್ತಾ ಬಲಗಿವಿಯಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದ. ಎಡಗಿವಿಯಲ್ಲಿ ಅಧ್ಯಕ್ಷರು, "ಕಾರ್ಯದರ್ಶಿ ಹುದ್ದೆಗೆ ದೊರೆಸ್ವಾಮಿಯವರ ಹೆಸರು ಬಂದಿದೆ. ಬೇಡ ಅನ್ನೋದಿದ್ರೆ ಅವರೇ ಹೇಳ್ಲಿ" ಎಂದರು.

"ಬೇಡ ಸ್ವಾಮಿ, ಬೇಡ!" ಎಂದು ಇವನು ಕೂಗಿದ. ತಟ್ಟೆಯಲ್ಲಿದ್ದ ಕಿವಿಗೆ ಬಾಯಿಯಿರಲಿಲ್ಲ.

ಗಾಬರಿಯಲ್ಲಿ ಹೆಂಡತಿಗೆ ಫೋನ್ ಮಾಡಿದ. ಅದು ರಿಂಗಾದದ್ದೂ ಅವಳು ಕಟ್ ಮಾಡಿದ್ದೂ ಎಡಗಿವಿಗೇ ಕೇಳಿಸಿತು.

"ಹೆಸರು ಕೊಟ್ಟಿದ್ದು ನಾನೇ ಸಾರ್," ಎಂದಳು ವನಮಾಲಾ. "ನಮ್ಮನೆಯವರಿಗೆ ಸಮಾಜಸೇವೆ ಅಂದ್ರೆ ಪ್ರಾಣ."